ಹಳೆಯ ಡಾಡ್ಜ್ ರ‍್ಯಾಮ್ ಡೀಸೆಲ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್: ಬಿಡಿಭಾಗ ಕೊಳ್ಳುವ ಮುನ್ನ ಮಾಡಬೇಕಾದ ಕೆಲಸಗಳು

1994ರಿಂದ 2002ರವರೆಗೆ ಬಂದ ಡಾಡ್ಜ್ ರ‍್ಯಾಮ್ 2500 ಮತ್ತು 3500 ಪಿಕಪ್ ಟ್ರಕ್ಕುಗಳ 5.9 ಲೀಟರ್ ಕಮಿನ್ಸ್ ಡೀಸೆಲ್ ಎಂಜಿನ್ನಿಗೆ ಅಮೆರಿಕದಲ್ಲಿ ಇರುವಷ್ಟು ಒಳ್ಳೆಯ ಹೆಸರು ಅದರ ಬೆನ್ನಿಗೆ ಜೋಡಿಸಿದ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಇಲ್ಲ. ಎಂಜಿನ್ ಇನ್ನೂ ಗಟ್ಟಿಮುಟ್ಟಾಗಿರುವಾಗಲೇ ಗೇರ್‌ಬಾಕ್ಸ್ ಜಾರಲು ತೊಡಗುತ್ತದೆ, ಮಾಲೀಕರು ಬೇಸತ್ತು ಗಾಡಿಯನ್ನು ಅಗ್ಗಕ್ಕೆ ಮಾರುತ್ತಾರೆ. ಕಂಪನಿಗೂ ಈ ದೌರ್ಬಲ್ಯ ತಿಳಿದಿತ್ತೆಂದೇ ಹೇಳಬೇಕು: 1996ರಲ್ಲಿ ಮ್ಯಾನುಯಲ್ ಗೇರ್ ಇರುವ ಟ್ರಕ್ಕಿಗೆ 215 ಅಶ್ವಶಕ್ತಿಯ ಎಂಜಿನ್ ಕೊಟ್ಟಾಗ ಆಟೋಮ್ಯಾಟಿಕ್‌ಗೆ 180ರಲ್ಲೇ ನಿಲ್ಲಿಸಿದ್ದರು.

ಟ್ರೈಲರ್ ಎಳೆಯಲು, ಜಮೀನಿನ ಕೆಲಸಕ್ಕೆ ಇಂಥ ಹಳೆಯ ಗಾಡಿಯನ್ನು ಕೊಂಡವರಿಗೆ ಸಾಮಾನ್ಯವಾಗಿ ಸಿಗುವ ಮೊದಲ ಸಲಹೆ, ದುಬಾರಿ ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಹಾಕಿಸಿ ಎಂಬುದು. ಆ ಸಲಹೆ ತಪ್ಪಲ್ಲ, ಆದರೆ ಅದರ ಸರದಿ ಬರುವುದು ಕೊನೆಗೆ. ಆಯಿಲ್, ಬ್ಯಾಂಡುಗಳ (ಒಳಗಿನ ಡ್ರಮ್ಮನ್ನು ಸುತ್ತಿ ಹಿಡಿಯುವ ಪಟ್ಟಿಗಳ) ಹೊಂದಾಣಿಕೆ, ಥ್ರಾಟಲ್ ಕೇಬಲ್, ಆಯಿಲ್‌ನ ಒತ್ತಡ, ಶಾಖ ಇವುಗಳನ್ನು ಈ ಕ್ರಮದಲ್ಲೇ ಸರಿಪಡಿಸಿದರೆ, ಕೆಟ್ಟಿದೆ ಎಂದುಕೊಂಡ ಎಷ್ಟೋ ಗೇರ್‌ಬಾಕ್ಸುಗಳು ಮತ್ತೆ ಚೆನ್ನಾಗಿ ಕೆಲಸ ಮಾಡುತ್ತವೆ. ಇವನ್ನು ಸರಿಪಡಿಸದೆ ಹೊಸ ಕನ್ವರ್ಟರ್ ಹಾಕಿದರೆ ಹಳೆಯ ಕಾಯಿಲೆ ಹೊಸ ಭಾಗವನ್ನೂ ತಿನ್ನುತ್ತದೆ.

ನಿಮ್ಮಲ್ಲಿರುವುದು ಯಾವ ಗೇರ್‌ಬಾಕ್ಸ್?

1994 ಮತ್ತು 1995ರ ಡೀಸೆಲ್ ಟ್ರಕ್ಕುಗಳಲ್ಲಿ 47ಆರ್‌ಎಚ್, 1996ರಿಂದ 2002ರವರೆಗಿನವುಗಳಲ್ಲಿ 47ಆರ್‌ಇ ಇರುತ್ತದೆ. ಆಮೇಲೆ ಬಂದದ್ದು 48ಆರ್‌ಇ. ಮೊದಲ ಅಂಕಿ ಮುಂದಿನ ಗೇರುಗಳ ಸಂಖ್ಯೆ, ಎರಡನೆಯದು ಎಷ್ಟು ತೂಕದ ಕೆಲಸಕ್ಕೆ ಎಂಬ ದರ್ಜೆ, ಆರ್ ಎಂದರೆ ಹಿಂಚಕ್ರ ಚಾಲನೆ, ಎಚ್ ಮತ್ತು ಇ ಎಂದರೆ ನಿಯಂತ್ರಣ ಹೈಡ್ರಾಲಿಕ್ಕೋ ಎಲೆಕ್ಟ್ರಾನಿಕ್ಕೋ ಎಂಬುದು. ಗೇರ್ ಅನುಪಾತಗಳು 2.45, 1.45, 1.00 ಮತ್ತು 0.69. 47ಆರ್‌ಎಚ್‌ನಲ್ಲಿ ಗಾಡಿಯ ವೇಗವನ್ನು ಅಳೆದು ಗೇರ್ ಬದಲಿಸುವುದು ಯಾಂತ್ರಿಕ ಗವರ್ನರ್. 47ಆರ್‌ಇಯಲ್ಲಿ ಅದೇ ಕೆಲಸವನ್ನು ವಾಲ್ವ್ ಬಾಡಿಯ (ಆಯಿಲ್ ಎತ್ತ ಹರಿಯಬೇಕೆಂದು ನಿಯಂತ್ರಿಸುವ ವಾಲ್ವುಗಳ ಜೋಡಣೆಯ) ಮೇಲಿನ ಸೊಲೆನಾಯ್ಡ್ (ವಿದ್ಯುತ್ತಿನಿಂದ ಚಲಿಸುವ ವಾಲ್ವ್) ಮತ್ತು ಒತ್ತಡದ ಸೆನ್ಸರ್ ಮಾಡುತ್ತವೆ. ಹೆಸರಿಗೆ ಎಲೆಕ್ಟ್ರಾನಿಕ್ ಆದರೂ 47ಆರ್‌ಇಯಲ್ಲಿ ಆಯಿಲ್‌ನ ಮುಖ್ಯ ಒತ್ತಡವನ್ನು ಏರಿಸಿ ಇಳಿಸುವುದು ಇನ್ನೂ ಒಂದು ಸಾಧಾರಣ ತಂತಿಯ ಕೇಬಲ್ಲೇ ಎಂಬುದನ್ನು ನೆನಪಿಡಬೇಕು. ಮುಂದೆ ಕೊಟ್ಟಿರುವ ಅಳತೆಗಳು ಮುಖ್ಯವಾಗಿ 47ಆರ್‌ಇಗೆ ಸಂಬಂಧಿಸಿದವು; ನಿಮ್ಮ ಗಾಡಿಯ ವರ್ಷದ ಸರ್ವಿಸ್ ಮ್ಯಾನುಯಲ್ ಜೊತೆ ತಾಳೆ ನೋಡಿಯೇ ಸ್ಪ್ಯಾನರ್ ಹಿಡಿಯಿರಿ.

ಮೊದಲು ಆಯಿಲ್ ನೋಡುವುದು

ಈ ಗೇರ್‌ಬಾಕ್ಸಿನಲ್ಲಿ ಆಯಿಲ್ ಮಟ್ಟವನ್ನು ಪಾರ್ಕ್‌ನಲ್ಲಿ ನೋಡಬಾರದು. ಗಾಡಿ ಓಡಿ ಆಯಿಲ್ ಸುಮಾರು 180 ಡಿಗ್ರಿ ಫ್ಯಾರನ್‌ಹೀಟ್‌ಗೆ ಬಂದ ಮೇಲೆ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಓಡುತ್ತಿರುವಾಗಲೇ ನ್ಯೂಟ್ರಲ್‌ಗೆ ಹಾಕಿ ಡಿಪ್‌ಸ್ಟಿಕ್ ನೋಡಬೇಕು. ಕಾರಣ ಸರಳ: ಕಂಪನಿಯಿಂದ ಬಂದ ವಾಲ್ವ್ ಬಾಡಿಯಲ್ಲಿ ಗೇರ್ ಪಾರ್ಕ್‌ನಲ್ಲಿದ್ದಾಗ ಟಾರ್ಕ್ ಕನ್ವರ್ಟರಿಗೂ ಆಯಿಲನ್ನು ತಣಿಸುವ ಕೂಲರಿಗೂ ಆಯಿಲ್ ಹೋಗುವುದೇ ಇಲ್ಲ, ಆದ್ದರಿಂದ ಪಾರ್ಕ್‌ನಲ್ಲಿ ನೋಡಿದ ಮಟ್ಟ ಸುಳ್ಳು ಲೆಕ್ಕ ಕೊಡುತ್ತದೆ.

ಇದೇ ಸಂಗತಿ ಇನ್ನೊಂದು ದೂರನ್ನೂ ವಿವರಿಸುತ್ತದೆ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಚಾಲೂ ಮಾಡಿ ಡ್ರೈವ್‌ಗೆ ಹಾಕಿದರೆ ಮೂರು ನಾಲ್ಕು ಸೆಕೆಂಡು ಏನೂ ಆಗದೆ ಆಮೇಲೆ ಧಡಕ್ಕೆಂದು ಗೇರ್ ಹಿಡಿಯುತ್ತದೆ. ಕನ್ವರ್ಟರಿನಲ್ಲಿದ್ದ ಆಯಿಲ್ ಕೆಳಗಿನ ಪ್ಯಾನ್‌ಗೆ ಇಳಿದುಹೋಗಿರುತ್ತದೆ, ಪಾರ್ಕ್‌ನಲ್ಲಿ ಎಂಜಿನ್ ಎಷ್ಟು ಹೊತ್ತು ಓಡಿದರೂ ಅದು ಮತ್ತೆ ತುಂಬುವುದಿಲ್ಲ. ಚಾಲೂ ಮಾಡಿದ ಕೂಡಲೇ ಬ್ರೇಕ್ ಒತ್ತಿ ನ್ಯೂಟ್ರಲ್‌ಗೆ ಹಾಕಿ ಹದಿನೈದು ಇಪ್ಪತ್ತು ಸೆಕೆಂಡು ಬಿಟ್ಟು ಹೊರಟರೆ ಈ ತೊಂದರೆ ಮಾಯವಾಗುತ್ತದೆ. ಇಷ್ಟಕ್ಕೇ ಗೇರ್‌ಬಾಕ್ಸ್ ಬಿಚ್ಚಿಸಿ ಹಣ ಕಳೆದುಕೊಂಡವರೂ ಉಂಟು.

ಆಯಿಲ್‌ನ ಬಣ್ಣ ಕಂದಾಗಿದ್ದರೆ, ಸುಟ್ಟ ವಾಸನೆ ಬಂದರೆ, ಅಥವಾ ಹಿಂದೆ ಯಾವಾಗ ಬದಲಿಸಿದ್ದೆಂಬ ದಾಖಲೆಯೇ ಇಲ್ಲದಿದ್ದರೆ ಪ್ಯಾನ್ ಇಳಿಸಿ ಬದಲಿಸಿಬಿಡಿ. ಹಾಕಬೇಕಾದದ್ದು ಎಟಿಎಫ್+4 ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್, ಹಳೆಯ ಎಟಿಎಫ್+3 ಬಳಸುತ್ತಿದ್ದ ಗಾಡಿಗಳಿಗೂ ಇದೇ ಸರಿ. ಕಂಪನಿಯ ಪ್ಯಾನ್‌ಗೆ ಡ್ರೈನ್ ಪ್ಲಗ್ ಇಲ್ಲ, ಆದ್ದರಿಂದ ಕೆಳಗೆ ಅಗಲವಾದ ಟ್ರೇ ಇಟ್ಟು, ಹಿಂದಿನ ಮೂಲೆಯ ಬೋಲ್ಟುಗಳನ್ನು ಮೊದಲು ಸಡಿಲಿಸಿ, ಪ್ಯಾನ್ ಒಂದು ಕಡೆ ವಾಲಿ ಆಯಿಲ್ ಸುರಿದುಹೋಗಲು ಬಿಡಬೇಕು. ಇಳಿದ ಆಯಿಲ್ ಎಷ್ಟೆಂದು ಅಳೆದಿಟ್ಟುಕೊಂಡರೆ ತುಂಬುವಾಗ ಊಹೆ ಬೇಕಾಗುವುದಿಲ್ಲ. ಹೆಚ್ಚು ತುಂಬಿದರೆ ಆಯಿಲ್ ನೊರೆಯಾಗಿ ಒತ್ತಡವೇ ನಿಲ್ಲದಂತಾಗುತ್ತದೆ. ಕಡಿಮೆ ತುಂಬಿದಷ್ಟೇ ಅಪಾಯ ಇದರಲ್ಲೂ ಇದೆ.

ಪ್ಯಾನಿನ ತಳದಲ್ಲಿ ಏನು ಕೂತಿದೆ ಎಂಬುದನ್ನು ಒರೆಸುವ ಮುನ್ನ ಬೆಳಕಿನಲ್ಲಿ ಹಿಡಿದು ನೋಡಿ. ಬೆರಳಿಗೆ ಹತ್ತುವ ನುಣ್ಣನೆಯ ಬೂದು ಬಣ್ಣದ ತೆಳು ಲೇಪ ಸಹಜ ಸವೆತ. ಹೊಳೆಯುವ ಲೋಹದ ಚಕ್ಕೆಗಳು, ಹಿತ್ತಾಳೆ ಬಣ್ಣದ ಚೂರುಗಳು ಅಥವಾ ಕ್ಲಚ್ ಪ್ಲೇಟಿನ ಕಪ್ಪು ಹೊಪ್ಪಳಿಕೆಗಳು ಕಂಡರೆ ಈ ಲೇಖನದ ಮುಂದಿನ ಹೊಂದಾಣಿಕೆಗಳಿಂದ ಪ್ರಯೋಜನವಿಲ್ಲ, ಗೇರ್‌ಬಾಕ್ಸ್ ಬಿಚ್ಚಲೇಬೇಕು. ಫಿಲ್ಟರ್ ಬದಲಿಸಿ, ಹೊಸ ಗ್ಯಾಸ್ಕೆಟ್ ಹಾಕಿ, ಪ್ಯಾನ್ ಬೋಲ್ಟುಗಳನ್ನು 13 ಅಡಿ-ಪೌಂಡಿಗಷ್ಟೇ ಬಿಗಿಯಿರಿ. ಅದಕ್ಕಿಂತ ಬಿಗಿದರೆ ತಗಡು ಬಾಗಿ ಸೋರಿಕೆ ನಿಲ್ಲುವ ಬದಲು ಶುರುವಾಗುತ್ತದೆ. ಆದರೆ ಪ್ಯಾನ್ ಮುಚ್ಚುವ ಮೊದಲು ಇನ್ನೊಂದು ಕೆಲಸವಿದೆ.

ಬ್ಯಾಂಡುಗಳ ಹೊಂದಾಣಿಕೆ

ಈ ಗೇರ್‌ಬಾಕ್ಸಿನಲ್ಲಿ ಎರಡು ಬ್ಯಾಂಡುಗಳಿವೆ. ಮುಂದಿನದು ಎರಡನೇ ಗೇರಿಗೆ, ಹಿಂದಿನದು ರಿವರ್ಸ್‌ಗೆ ಮತ್ತು ಲಿವರ್ ಅನ್ನು ಒಂದನೇ ಗೇರಿಗೆ ಇಳಿಸಿದಾಗ. ಒಂದರಿಂದ ಎರಡಕ್ಕೆ ಬದಲಾಗುವಾಗ ಎಂಜಿನ್ ಒಂದು ಕ್ಷಣ ಸುಮ್ಮನೆ ಕೂಗಿ ಆಮೇಲೆ ಗೇರ್ ಹಿಡಿದರೆ ಮುಂದಿನ ಬ್ಯಾಂಡ್ ಸಡಿಲವಾಗಿರಬಹುದು. ರಿವರ್ಸ್ ತಡವಾಗಿ ಹಿಡಿದು ಮುಂದಿನ ಗೇರುಗಳು ಸರಿಯಾಗಿದ್ದರೆ ಹಿಂದಿನದರ ಮೇಲೆ ಅನುಮಾನ ಪಡಬಹುದು.

ಹಿಂದಿನ ಬ್ಯಾಂಡಿನ ಸ್ಕ್ರೂ ಒಳಗಿರುವುದರಿಂದ ಪ್ಯಾನ್ ಇಳಿಸಿದಾಗಲೇ ಅದು ಕೈಗೆ ಸಿಗುತ್ತದೆ. ಲಾಕ್‌ನಟ್ ಸಡಿಲಿಸಿ, ಸ್ಕ್ರೂವನ್ನು 72 ಇಂಚು-ಪೌಂಡಿಗೆ ಬಿಗಿದು, ಅಲ್ಲಿಂದ ಸರಿಯಾಗಿ ಮೂರು ಸುತ್ತು ಹಿಂದಕ್ಕೆ ತಿರುಗಿಸಿ, ಸ್ಕ್ರೂ ಅಲುಗದಂತೆ ಹಿಡಿದುಕೊಂಡೇ ಲಾಕ್‌ನಟ್ ಬಿಗಿಯಬೇಕು. ಮುಂದಿನ ಬ್ಯಾಂಡಿನ ಸ್ಕ್ರೂ ಗೇರ್‌ಬಾಕ್ಸಿನ ಎಡಬದಿಯಲ್ಲಿ, ಚಾಲಕನ ಕಡೆ, ಗೇರ್ ಲಿವರ್ ಮತ್ತು ಥ್ರಾಟಲ್ ಲಿವರ್‌ಗಳ ಮೇಲ್ಗಡೆ ಹೊರಗೇ ಕಾಣುತ್ತದೆ. ಅದಕ್ಕೂ ಅದೇ 72 ಇಂಚು-ಪೌಂಡು. ಹಿಂದಕ್ಕೆ ತಿರುಗಿಸಬೇಕಾದದ್ದು 1 7/8 ಸುತ್ತು, ಅಂದರೆ ಎರಡು ಸುತ್ತಿಗೆ ಒಂದೆಂಟನೆಯ ಪಾಲು ಕಡಿಮೆ. ಸ್ಕ್ರೂವಿನ ಚೌಕ ತಲೆಯ ಮೇಲೆ ಒಂದು ಬದಿಗೆ ಪೇಂಟಿನ ಚುಕ್ಕೆ ಇಟ್ಟುಕೊಂಡರೆ ಸುತ್ತು ಎಣಿಸುವುದು ಸುಲಭ. ಇಂಚು-ಪೌಂಡು ತೋರಿಸುವ ಚಿಕ್ಕ ಟಾರ್ಕ್ ರೆಂಚ್ ಇಲ್ಲದೆ ಕೈಯಂದಾಜಿನ ಮೇಲೆ ಈ ಕೆಲಸ ಮಾಡಬೇಡಿ. ಚಕ್ರದ ನಟ್ಟು ಬಿಗಿದು ರೂಢಿಯಾದ ಕೈಗೆ 72 ಇಂಚು-ಪೌಂಡು ಎಷ್ಟು ಕಡಿಮೆ ಎಂಬ ಅಂದಾಜು ಸಿಗುವುದಿಲ್ಲ.

ಥ್ರಾಟಲ್ ವಾಲ್ವ್ ಕೇಬಲ್

ನನ್ನ ಅಭಿಪ್ರಾಯದಲ್ಲಿ ಇಡೀ ಗಾಡಿಯಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಡುವ ಕೆಲಸ ಇದು. ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಎಂಬುದನ್ನು ಗೇರ್‌ಬಾಕ್ಸಿಗೆ ತಿಳಿಸುವುದು ಈ ಕೇಬಲ್. ಹೆಚ್ಚು ಒತ್ತಿದಷ್ಟೂ ಅದು ಗೇರ್‌ಬಾಕ್ಸಿನ ಲಿವರ್ ಅನ್ನು ಹಿಂದಕ್ಕೆ ಎಳೆಯುತ್ತದೆ, ಆಯಿಲ್‌ನ ಒತ್ತಡ ಏರುತ್ತದೆ, ಕ್ಲಚ್‌ಗಳು ಬಲವಾಗಿ ಹಿಡಿಯುತ್ತವೆ, ಗೇರ್ ತಡವಾಗಿ ಬದಲಾಗುತ್ತದೆ. ಕೇಬಲ್ ಸಡಿಲವಾಗಿದ್ದರೆ ಎಂಜಿನ್ ಪೂರ್ಣ ಬಲದಿಂದ ಎಳೆಯುತ್ತಿದ್ದರೂ ಗೇರ್‌ಬಾಕ್ಸ್ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಹೋಗುತ್ತಿದ್ದೇವೆಂದೇ ತಿಳಿಯುತ್ತದೆ. ಗೇರುಗಳು ಬೇಗ ಬೇಗ, ಬೆಣ್ಣೆಯಂತೆ ನುಣುಪಾಗಿ ಬದಲಾಗುತ್ತವೆ. ಚಾಲಕನಿಗೆ ಇದು ಹಿತವೆನಿಸಿದರೂ ಆ ನುಣುಪೇ ಕ್ಲಚ್ ಪ್ಲೇಟುಗಳು ಜಾರಿ ಸುಡುತ್ತಿರುವ ಲಕ್ಷಣ.

ಹೊಂದಿಸುವ ಕ್ರಮ ಹೀಗಿದೆ. ಎಂಜಿನ್ ನಿಲ್ಲಿಸಿ. 1998ರ ಮಧ್ಯದವರೆಗೆ ಬಂದ 12 ವಾಲ್ವ್ ಎಂಜಿನ್ನಿನಲ್ಲಾದರೆ, ಇಂಜೆಕ್ಷನ್ ಪಂಪಿನ ಲಿವರ್‌ನ ಗೂಟದಿಂದ ಕೇಬಲ್ ತುದಿಯನ್ನು ಮೆಲ್ಲಗೆ ಜಾರಿಸಿ ಬಿಡಿಸಿ. ಲಿವರ್ ಐಡಲ್ ಸ್ಥಾನದಲ್ಲಿದ್ದು, ಕೇಬಲ್ ತಾನಾಗಿ ನಿಂತಿರುವಾಗ ತುದಿಯ ರಂಧ್ರ ಮತ್ತು ಗೂಟ ಎದುರುಬದುರಾಗಿ ಹೊಂದಿರಬೇಕು. ಹಿಂದೆ ಮುಂದೆ ಒಂದು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ವ್ಯತ್ಯಾಸ ಇದ್ದರೆ ಬ್ರಾಕೆಟ್ ಬಳಿ ಕೇಬಲ್ ಹೊದಿಕೆಯನ್ನು ಹಿಡಿದಿರುವ ಪ್ಲಾಸ್ಟಿಕ್ ಲಾಕ್ ಬಿಡಿಸಿ, ಹೊದಿಕೆಯನ್ನು ಸರಿಸಿ ಹೊಂದಿಸಿ, ಮತ್ತೆ ಲಾಕ್ ಒತ್ತಿ. ಕೇಬಲ್ ಸಿಕ್ಕಿಸಿದ ಮೇಲೆ ಒಬ್ಬರು ಪೆಡಲ್ ಅನ್ನು ನಿಧಾನವಾಗಿ ಒತ್ತುತ್ತಿರಲಿ, ನೀವು ಗಾಡಿಯ ಕೆಳಗೆ ಟಾರ್ಚ್ ಹಿಡಿದು ಗೇರ್‌ಬಾಕ್ಸಿನ ಲಿವರ್ ನೋಡಿ: ಪಂಪಿನ ಲಿವರ್ ಕದಲಿದ ಕ್ಷಣವೇ ಇದೂ ಕದಲಬೇಕು, ಪೆಡಲ್ ಬಿಟ್ಟಾಗ ಪೂರ್ತಿ ಮುಂದಕ್ಕೆ ಮರಳಬೇಕು. ಹಳೆಯ ಗಾಡಿಗಳಲ್ಲಿ ಲಿವರ್‌ನ ಕೀಲುಗಳಲ್ಲಿ ಮಣ್ಣು ಮತ್ತು ಡೀಸೆಲ್ ಸೇರಿ ಅಂಟಿಕೊಂಡು ಅದು ಮರಳದಿರುವುದೂ ಇದೆ. ಆಗ ಹೊಂದಾಣಿಕೆಗಿಂತ ಮೊದಲು ತೊಳೆದು ಗ್ರೀಸ್ ಹಚ್ಚಬೇಕು.

ಹೊಂದಿಸಿದ ಮೇಲೆ ಗೇರ್ ಬದಲಾವಣೆ ಮೊದಲಿಗಿಂತ ಸ್ವಲ್ಪ ಗಡುಸಾಗಿ ತೋರುತ್ತದೆ. ಹಾಗಿರುವುದೇ ಸರಿ. ಮಿತಿಮೀರಿ ಬಿಗಿ ಮಾಡಿದರೆ ಮಾತ್ರ ಗೇರ್ ಬಹಳ ತಡವಾಗಿ, ಬೆನ್ನಿಗೆ ಗುದ್ದಿದಂತೆ ಬದಲಾಗುತ್ತದೆ.

ಒತ್ತಡವನ್ನು ಅಳೆಯುವುದು

ಇಷ್ಟರಲ್ಲಿ ಗಾಡಿ ಸುಧಾರಿಸಿದ್ದರೂ ಒಮ್ಮೆ ಗೇಜ್ ಹಾಕಿ ನೋಡುವುದು ಒಳ್ಳೆಯದು. ಗೇರ್‌ಬಾಕ್ಸಿನ ಬಲಬದಿಯಲ್ಲಿ ಅಕ್ಯುಮುಲೇಟರ್‌ಗೆ (ಗೇರ್ ಹಿಡಿಯುವ ಪೆಟ್ಟನ್ನು ಮೆದುಗೊಳಿಸುವ ಭಾಗಕ್ಕೆ) ಸೇರಿದ ಪರೀಕ್ಷಾ ರಂಧ್ರಕ್ಕೆ ಗೇಜ್ ಜೋಡಿಸಿ, ಹಿಂಚಕ್ರಗಳು ನೆಲ ಬಿಟ್ಟಿರುವಂತೆ ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮುಂಚಕ್ರಗಳಿಗೆ ಅಡ್ಡ ಕೊಟ್ಟು, ಗೇರ್ ಲಿವರ್ ಒಂದರಲ್ಲಿಟ್ಟು ಎಂಜಿನ್ 1,000 ಆರ್‌ಪಿಎಂನಲ್ಲಿ ಓಡಿದಾಗ, ಥ್ರಾಟಲ್ ಲಿವರ್ ಪೂರ್ತಿ ಮುಂದಿದ್ದರೆ 54ರಿಂದ 60 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಬರಬೇಕು, ಲಿವರ್ ಅನ್ನು ಹಿಂದಕ್ಕೆ ತಳ್ಳುತ್ತ ಹೋದಂತೆ 90ರಿಂದ 96ರವರೆಗೆ ಏರಬೇಕು. ತಿರುಗುವ ಚಕ್ರಗಳ ಪಕ್ಕದಲ್ಲಿ ಒಬ್ಬರೇ ಮಾಡುವ ಕೆಲಸ ಇದಲ್ಲ. ಲಿಫ್ಟ್ ಇರುವ ವರ್ಕ್‌ಶಾಪಿನಲ್ಲಿ ಮಾಡಿಸುವುದೇ ಕ್ಷೇಮ.

ಕೆಳಗಿನ ಅಂಕಿ ಸರಿಯಿದ್ದು ಮೇಲಿನದಕ್ಕೆ ಏರದಿದ್ದರೆ ತಪ್ಪು ಕೇಬಲ್ ಅಥವಾ ಥ್ರಾಟಲ್ ವಾಲ್ವ್‌ನಲ್ಲಿದೆ. ಎರಡೂ ಕಡಿಮೆಯಿದ್ದರೆ ಫಿಲ್ಟರ್, ಪಂಪ್ ಅಥವಾ ಒತ್ತಡ ನಿಯಂತ್ರಿಸುವ ಸ್ಪ್ರಿಂಗ್ ಕಡೆ ಹೋಗಬೇಕು. ವಾಲ್ವ್ ಬಾಡಿಯಲ್ಲಿರುವ ಹೊಂದಾಣಿಕೆ ಸ್ಕ್ರೂವನ್ನು ಒಂದು ಪೂರ್ತಿ ಸುತ್ತು ತಿರುಗಿಸಿದರೆ ಆಗುವ ಬದಲಾವಣೆ ಎರಡು ಪಿಎಸ್‌ಐಗೂ ಕಡಿಮೆ. ಹಾಗಾಗಿ ಸ್ಕ್ರೂ ತಿರುಗಿಸಿ ದೊಡ್ಡ ಸುಧಾರಣೆ ತರಬಹುದೆಂಬ ಆಸೆ ಬೇಡ.

ಶಾಖ ಮತ್ತು ಕೂಲರ್

ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಕೊಲ್ಲುವುದು ಬಹುಪಾಲು ಶಾಖವೇ, ಅದರಲ್ಲಿ ಹೆಚ್ಚಿನದು ಹುಟ್ಟುವುದು ಕನ್ವರ್ಟರ್ ಲಾಕ್ ಆಗದೆ (ಅಂದರೆ ಅದರೊಳಗಿನ ಕ್ಲಚ್ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯದೆ) ಜಾರುತ್ತ ಓಡುವಾಗ. ತಾಪಮಾನದ ಗೇಜ್ ಇಲ್ಲದೆ ಟ್ರೈಲರ್ ಎಳೆಯಬೇಡಿ. ಪ್ಯಾನಿನಲ್ಲಿ ಸೆನ್ಸರ್ ಹಾಕಿದರೆ ಸರಾಸರಿ ಶಾಖ ತಿಳಿಯುತ್ತದೆ, ಕನ್ವರ್ಟರಿನಿಂದ ಹೊರಬರುವ ಬಿಸಿ ಪೈಪಿನಲ್ಲಿ ಹಾಕಿದರೆ ಕ್ಷಣಕ್ಷಣದ ಏರಿಳಿತ ತಿಳಿಯುತ್ತದೆ. ನಾನು ಪ್ಯಾನಿನದ್ದನ್ನೇ ಮೆಚ್ಚುತ್ತೇನೆ, ಏಕೆಂದರೆ ಬಿಸಿ ಪೈಪಿನ ಮುಳ್ಳು ಪ್ರತಿ ಏರಿಯಲ್ಲೂ ಮೇಲಕ್ಕೆ ಹಾರಿ ಚಾಲಕನನ್ನು ಸುಮ್ಮನೆ ಗಾಬರಿಪಡಿಸುತ್ತದೆ. ಪ್ಯಾನಿನಲ್ಲಿ 160ರಿಂದ 200 ಡಿಗ್ರಿ ಫ್ಯಾರನ್‌ಹೀಟ್ ಒಳಗೆ ಇದ್ದರೆ ಚಿಂತೆಯಿಲ್ಲ. 250ರ ಹತ್ತಿರ ಬಂದರೆ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಪಾರ್ಕ್‌ಗಲ್ಲ, ನ್ಯೂಟ್ರಲ್‌ಗೆ ಹಾಕಿ ಎಂಜಿನ್ನನ್ನು ಐಡಲ್‌ಗಿಂತ ಸ್ವಲ್ಪ ಮೇಲೆ ಓಡಿಸಿ. ಪಾರ್ಕ್‌ನಲ್ಲಿ ಕೂಲರಿಗೆ ಆಯಿಲ್ ಹೋಗುವುದಿಲ್ಲವೆಂದು ಮೇಲೆ ಹೇಳಿದ್ದು ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಕೂಲರ್ ಮೂಲಕ ಎಷ್ಟು ಆಯಿಲ್ ಹರಿಯುತ್ತಿದೆ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕೂಲರಿನಿಂದ ಗೇರ್‌ಬಾಕ್ಸಿಗೆ ಮರಳುವ ಪೈಪನ್ನು ಬಿಚ್ಚಿ ಅಳತೆಯ ಪಾತ್ರೆಗೆ ಹಿಡಿದು, ನ್ಯೂಟ್ರಲ್‌ನಲ್ಲಿ ಐಡಲ್ ಓಡಿಸಿದಾಗ ಇಪ್ಪತ್ತು ಸೆಕೆಂಡಿನಲ್ಲಿ ಒಂದು ಕ್ವಾರ್ಟ್, ಅಂದರೆ ಸುಮಾರು 0.95 ಲೀಟರ್ ಬೀಳಬೇಕು. ಇಪ್ಪತ್ತು ಸೆಕೆಂಡಿಗೆ ಎಂಜಿನ್ ನಿಲ್ಲಿಸಿ, ಹೋದಷ್ಟನ್ನು ತುಂಬಿ. ಕಡಿಮೆ ಬಿದ್ದರೆ ಮೊದಲು ಕೂಲರ್ ಪೈಪಿನಲ್ಲಿರುವ, ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ಒಂದು ದಿಕ್ಕಿನ ವಾಲ್ವ್ ನೋಡಿ. ಅದು ಕಸ ಹಿಡಿದು ಕಟ್ಟಿಕೊಳ್ಳುವುದು ಈ ಗಾಡಿಗಳಲ್ಲಿ ಸಾಮಾನ್ಯ.

ಹೊರಗಿನಿಂದಲೂ ಕೂಲರ್ ಕಟ್ಟಿಕೊಳ್ಳುತ್ತದೆ. 12 ವಾಲ್ವ್ ಎಂಜಿನ್ನಿನ ಮುಂಭಾಗದ ಬ್ರೀದರ್ ಪೈಪಿನಿಂದ ಬರುವ ಎಣ್ಣೆ ಹಬೆ ರೇಡಿಯೇಟರ್‌ಗೆ ಅಂಟಿ, ಅದರ ಮೇಲೆ ಧೂಳು ಮತ್ತು ಹುಲ್ಲಿನ ಬೀಜ ಕೂತು ಗಾಳಿಗೆ ದಾರಿಯೇ ಇಲ್ಲದಂತಾಗುತ್ತದೆ. ಎಣ್ಣೆ ತೆಗೆಯುವ ಸೋಪಿನ ನೀರಿನಿಂದ, ಕಡಿಮೆ ಒತ್ತಡದಲ್ಲಿ, ಎಂಜಿನ್ ಕಡೆಯಿಂದ ಹೊರಕ್ಕೆ ತೊಳೆಯಿರಿ. ಬ್ರೀದರ್ ಪೈಪನ್ನು ಹಿಂದಕ್ಕೆ ಉದ್ದ ಮಾಡಿಸಿದರೆ ಮತ್ತೆ ಕಟ್ಟಿಕೊಳ್ಳುವುದು ಕಡಿಮೆಯಾಗುತ್ತದೆ.

ಲಾಕ್ ಆಗಿ ಬಿಡುವ ಕನ್ವರ್ಟರ್: ವಿದ್ಯುತ್ತಿನ ದೋಷ

ಗಂಟೆಗೆ 40ರಿಂದ 50 ಮೈಲಿ ವೇಗದಲ್ಲಿ, ಪೆಡಲ್ ಅಲುಗಿಸದೆ ಹೋಗುತ್ತಿರುವಾಗ ಆರ್‌ಪಿಎಂ ಮುಳ್ಳು ಇನ್ನೂರು ಮುನ್ನೂರು ಏರಿ ಇಳಿದು ಮಾಡುತ್ತಿದ್ದರೆ ಕನ್ವರ್ಟರ್ ಕ್ಲಚ್ ಲಾಕ್ ಆಗಿ ಬಿಡುತ್ತಿದೆ ಎಂದರ್ಥ. ಇದನ್ನು ಗೇರ್‌ಬಾಕ್ಸಿನ ರೋಗವೆಂದುಕೊಳ್ಳುವ ಮೊದಲು ಮಲ್ಟಿಮೀಟರ್ ಅನ್ನು ಎಸಿ ವೋಲ್ಟಿಗೆ ಇಟ್ಟು, ಎಂಜಿನ್ ಓಡುತ್ತಿರುವಾಗ ಬ್ಯಾಟರಿ ತುದಿಗಳಲ್ಲಿ ಅಳೆಯಿರಿ. 0.1 ವೋಲ್ಟಿಗಿಂತ ಹೆಚ್ಚು ಬಂದರೆ ಆಲ್ಟರ್ನೇಟರ್‌ನ ಡಯೋಡ್ ಕೆಟ್ಟಿರುವ ಸಂಭವ ಹೆಚ್ಚು. ಆ ಅಡ್ಡ ಸಂಕೇತದಿಂದ ಕಂಪ್ಯೂಟರ್ ಗೊಂದಲಕ್ಕೆ ಬೀಳುತ್ತದೆ. ಎರಡೂ ಬ್ಯಾಟರಿಗಳ ಅರ್ಥ್ ತಂತಿಗಳನ್ನು ಬಿಚ್ಚಿ ಉಜ್ಜಿ ಹಾಕಿ. ಆಮೇಲೂ ಉಳಿದರೆ ಥ್ರಾಟಲ್ ಪೊಸಿಷನ್ ಸೆನ್ಸರ್ ನೋಡಬೇಕು. 47ಆರ್‌ಇಯಲ್ಲಿ ಗೇರ್ ಮೇಲಕ್ಕೆ ಹೋಗದೆ ಸಿಕ್ಕಿಕೊಂಡರೆ ಅಥವಾ ತನ್ನಿಚ್ಛೆಯಂತೆ ಬದಲಾದರೆ ಗವರ್ನರ್ ಸೊಲೆನಾಯ್ಡ್ ಮತ್ತು ಸೆನ್ಸರ್ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದನ್ನು ಮಾತ್ರ ಹಾಕಿ ಮತ್ತೆ ಪ್ಯಾನ್ ಇಳಿಸುವ ಶ್ರಮ ಯಾರಿಗೂ ಬೇಡ.

ವಾಲ್ವ್ ಬಾಡಿ ಮತ್ತು ಕನ್ವರ್ಟರ್

ಮೇಲಿನದೆಲ್ಲ ಆದ ಮೇಲೂ ಭಾರ ಎಳೆಯುವಾಗ ಜಾರುವಿಕೆ ಕಾಣುತ್ತಿದ್ದರೆ ಅಥವಾ ಎಂಜಿನ್ ಬಲವನ್ನು ಹೆಚ್ಚಿಸುವ ಯೋಚನೆ ಇದ್ದರೆ ಆಗ ಬಿಡಿಭಾಗಗಳ ಸರದಿ. ಮೊದಲು ಶಿಫ್ಟ್ ಕಿಟ್ ಅಥವಾ ಮಾರ್ಪಡಿಸಿದ ವಾಲ್ವ್ ಬಾಡಿ: ಇದು ಮುಖ್ಯ ಒತ್ತಡವನ್ನು ಏರಿಸುತ್ತದೆ, ಬದಲಾವಣೆಯನ್ನು ಚುರುಕುಗೊಳಿಸುತ್ತದೆ, ಕೆಲವು ಕಿಟ್‌ಗಳಲ್ಲಿ ಪಾರ್ಕ್‌ನಲ್ಲೂ ಕನ್ವರ್ಟರಿಗೆ ಆಯಿಲ್ ಹೋಗುವಂತೆ ಮಾಡುತ್ತದೆ. ಕನ್ವರ್ಟರ್ ಆಮೇಲೆ. ಕಂಪನಿಯ ಕನ್ವರ್ಟರಿನಲ್ಲಿ ಲಾಕ್ ಆಗಲು ಒಂದೇ ಪ್ಲೇಟ್ ಇದ್ದು, ಡೀಸೆಲ್ ಎಂಜಿನ್ ಕೆಳ ಆರ್‌ಪಿಎಂನಲ್ಲೇ ಕೊಡುವ ಬಲಕ್ಕೆ ಹೋಲಿಸಿದರೆ ಅದು ಹೆಚ್ಚು ಜಾರುತ್ತದೆ. ಕಡಿಮೆ ಆರ್‌ಪಿಎಂನಲ್ಲೇ ಹಿಡಿಯುವ, ಮೂರು ಪ್ಲೇಟಿನ ಕನ್ವರ್ಟರ್ ಹಾಕಿದರೆ ಶಾಖವೂ ಇಳಿಯುತ್ತದೆ, ಡೀಸೆಲ್ಲೂ ಉಳಿಯುತ್ತದೆ. ಆದರೆ ಅಷ್ಟು ಗಟ್ಟಿಯಾಗಿ ಹಿಡಿಯುವ ಕನ್ವರ್ಟರ್ ಎಂಜಿನ್ ಬಲವನ್ನೆಲ್ಲ ಇನ್‌ಪುಟ್ ಶಾಫ್ಟಿನ ಮೇಲೆ ಹೇರುವುದರಿಂದ, ಬಲ ಹೆಚ್ಚಿಸಿದ ಗಾಡಿಗಳಲ್ಲಿ ಆ ಶಾಫ್ಟನ್ನೂ ಮುಂದಿನ ಬ್ಯಾಂಡಿನ ಸ್ಟ್ರಟ್ಟನ್ನೂ ಗಟ್ಟಿಯಾದವುಗಳಿಗೆ ಬದಲಿಸಬೇಕಾಗುತ್ತದೆ. 12 ವಾಲ್ವ್ ಎಂಜಿನ್ನಿನ ಪಿ7100 ಇಂಜೆಕ್ಷನ್ ಪಂಪಿನ ಒಳಗಿನ ಫ್ಯುಯಲ್ ಪ್ಲೇಟ್ ಬದಲಿಸಿ ಬಲ ಹೆಚ್ಚಿಸುವುದು ಒಂದು ಮಧ್ಯಾಹ್ನದ ಕೆಲಸ. ಗೇರ್‌ಬಾಕ್ಸ್ ಸಿದ್ಧವಾಗುವ ಮೊದಲೇ ಅದನ್ನು ಮಾಡಬೇಡಿ.

ಎಕ್ಸಾಸ್ಟ್ ಬ್ರೇಕ್ (ಹೊಗೆ ಹೋಗುವ ದಾರಿಯನ್ನು ತಡೆದು ಎಂಜಿನ್ನಿನಿಂದಲೇ ಗಾಡಿಯ ವೇಗ ತಗ್ಗಿಸುವ ಸಾಧನ) ಹಾಕಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಇಳಿಜಾರಿನಲ್ಲಿ ಪೆಡಲ್ ಬಿಟ್ಟಾಗ ಕೇಬಲ್ ಸಡಿಲವಾಗಿ ಒತ್ತಡ ತನ್ನ ಕೆಳಮಟ್ಟಕ್ಕೆ ಇಳಿದಿರುತ್ತದೆ. ಆ ಹೊತ್ತಿನಲ್ಲೇ ಟ್ರೈಲರಿನ ತೂಕವೆಲ್ಲ ಹಿಂದಿನಿಂದ ಗೇರ್‌ಬಾಕ್ಸನ್ನು ತಳ್ಳಿದರೆ ಕ್ಲಚ್‌ಗಳು ಜಾರದೆ ಬೇರೆ ದಾರಿಯಿಲ್ಲ. ಒತ್ತಡ ಹೆಚ್ಚಿಸಿದ ವಾಲ್ವ್ ಬಾಡಿ ಮತ್ತು ಲಾಕ್ ಆಗಿ ಉಳಿಯುವ ಕನ್ವರ್ಟರ್ ಇಲ್ಲದೆ ಎಕ್ಸಾಸ್ಟ್ ಬ್ರೇಕ್ ಬೇಡ. ಅಲ್ಲಿಯವರೆಗೂ ಭಾರ ಎಳೆಯುವಾಗ ಓವರ್‌ಡ್ರೈವ್ (ನಾಲ್ಕನೇ ಗೇರ್) ಆಫ್ ಬಟನ್ ಒತ್ತಿ ಮೂರನೇ ಗೇರಿನಲ್ಲೇ ಓಡಿಸುವುದು ಸಾಕಷ್ಟು ಕೆಲಸ ಮಾಡುತ್ತದೆ.

ಬಿಚ್ಚುವ ಕೆಲಸ ಬಂದರೆ ಒಂದು ಎಚ್ಚರಿಕೆ. ಹಿಂಭಾಗದ ಓವರ್‌ಡ್ರೈವ್ ಘಟಕದೊಳಗೆ ಸುಮಾರು 800 ಪೌಂಡ್ ಬಲದ ದಪ್ಪ ಸ್ಪ್ರಿಂಗ್ ಅದುಮಿಟ್ಟಿರುತ್ತದೆ. ಪ್ರೆಸ್ ಇಲ್ಲದೆ ಅದನ್ನು ಬಿಚ್ಚಲು ಹೋದರೆ ಕೈಕಾಲು ಮುರಿಯುವುದು ಖಂಡಿತ. ಹಳೆಯ ಗೇರ್‌ಬಾಕ್ಸ್ ಚೂರು ಉದುರಿಸಿ ಸತ್ತಿದ್ದರೆ ಹೊಸದನ್ನು ಕೂರಿಸುವ ಮುನ್ನ ಕೂಲರ್ ಮತ್ತು ಪೈಪುಗಳನ್ನು ತೊಳೆಸಿ, ಸಾಧ್ಯವಿದ್ದರೆ ಮುಂದಿನ ಕೂಲರನ್ನೇ ಬದಲಿಸಿ, ಕೂರಿಸಿದ ಮೇಲೆ ಇಪ್ಪತ್ತು ಸೆಕೆಂಡಿನ ಹರಿವಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ.